ಶುಭಾಷಯದ ಮೇಷ್ಟ್ರು

ಕೆಲವರ ಮಾನ ಒಮ್ಮೆ ಹೋದರೆ ಹೋಯಿತು. ನನ್ನದು ಹಾಗಲ್ಲ. ಬೆಳಿಗ್ಗೆ ಹೋಗಿ, ಸಂಜೆ ಹೊತ್ತಿಗೆ ವಾಪಸು ಬಂದು, ಮಾರನೇ ದಿನ ಮತ್ತೆ ಹೊರಡುತ್ತದೆ. ಮೈಸೂರಿಗೆ ಬಂದ ಈ ಬೇಸಿಗೆಯಲ್ಲಂತೂ ಅದಕ್ಕೆ ಓಡಾಟ ಬಹಳ ಜಾಸ್ತಿಯಾಯಿತು.

ಮೊದಲು ನಮ್ಮ ವಿಷಯ ಹೇಳಿಬಿಡುತ್ತೇನೆ. ನನ್ನ ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ. ನಮಗೆ ಇಬ್ಬರು ಮಕ್ಕಳು, ಮಗಳಿಗೆ ಹತ್ತು, ಮಗನಿಗೆ ಆರು. ತುಮಕೂರಿನಲ್ಲಿದ್ದಾಗ ಮಗಳಿಗೆ ದಿನಾ ಬೆಳಿಗ್ಗೆ ಸ್ಕೂಲಿನ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಭಾನುವಾರ ಬರುತ್ತಿರಲಿಲ್ಲ. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಒಂದು ವರ್ಷ ನೋಡಿ ಸ್ಕೂಲು ಬಿಡಿಸಿದೆವು. ನಾನೂ ಕೆಲಸ ಬಿಟ್ಟು ಇಬ್ಬರಿಗೂ ಮನೆಯಲ್ಲೇ ಪಾಠ ಹೇಳಿಕೊಡಲು ಕೂತೆ. ಹೊಟ್ಟೆನೋವು ಹೋಯಿತು. ಹೆಂಡತಿಗೆ ಮೈಸೂರಿಗೆ ವರ್ಗವಾದಾಗ ಮಗಳು ಕೇಳಿದ್ದು ಒಂದೇ ಮಾತು. "ಅಲ್ಲೂ ಮನೇಲೇ ಅಲ್ವಾ ಅಪ್ಪ?" ಹೌದು ಎಂದು ಮಾತು ಕೊಟ್ಟಿದ್ದೆ.

ನಾವು ಬಂದದ್ದು ಏಪ್ರಿಲ್‌ನಲ್ಲಿ. ಅದಕ್ಕೊಂದು ಕಾರಣವಿತ್ತು, ಈಗ ಹೇಳಲು ನಾಚಿಕೆಯಾಗುತ್ತದೆ. ಬೇಸಿಗೆ ರಜದಲ್ಲಿ ಯಾರ ಮಕ್ಕಳೂ ಸ್ಕೂಲಿಗೆ ಹೋಗುವುದಿಲ್ಲ. ಹಾಗಾಗಿ ನಿಮ್ಮ ಮಕ್ಕಳು ಯಾಕೆ ಮನೆಯಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಎರಡು ತಿಂಗಳು ನಿಶ್ಚಿಂತೆ ಅಂದುಕೊಂಡಿದ್ದೆ.

ಎಷ್ಟು ಮಕ್ಕಳು?

ಕೃಷ್ಣಮೂರ್ತಿಪುರಂನಲ್ಲಿ ಮಹಡಿ ಮನೆ ನೋಡಲು ಹೋದೆವು. ಓನರ್ ಅಜ್ಜಿ ಕೆಳಗಡೆ ಒಬ್ಬರೇ ಇದ್ದಾರೆ. ಎಪ್ಪತ್ತು ದಾಟಿದೆ, ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, "ನೀವು ಬ್ಯಾಂಕು, ಸರಿ. ಯಜಮಾನ್ರು ಏನ್ ಮಾಡ್ಕೊಂಡಿದಾರೆ?" ಅಂದರು.

ಈ ಪ್ರಶ್ನೆಗೆ ನಾನು ತುಮಕೂರಿನಿಂದಲೇ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. "ಪಾಠ ಮಾಡ್ತೀನಿ" ಅಂದೆ. ಸುಳ್ಳೇನಲ್ಲವಲ್ಲ.

"ಓಹೋ, ಮೇಷ್ಟ್ರು! ಮೊದ್ಲೇ ಹೇಳ್ಬಾರ್ದಾ? ಮನೆ ನಿಮ್ಗೇ ಕಣ್ರೀ" ಎಂದು ಬೀಗದಕೈ ಕೊಟ್ಟೇಬಿಟ್ಟರು. ಮಾರನೇ ದಿನ ಹಾಲಿನವನು, ಹೂವಿನವಳು, ಮೂಲೆಯ ಬೇಕರಿಯವನು ಎಲ್ಲರೂ "ನಮಸ್ಕಾರ ಮೇಷ್ಟ್ರೇ" ಅನ್ನತೊಡಗಿದರು. ತುಮಕೂರಿನಲ್ಲಿ ಎರಡು ವರ್ಷದಿಂದ ನನಗೆ ಕೆಲಸವಿಲ್ಲದವನು ಎಂಬ ಹೆಸರಿತ್ತು. ಹಾಗಾಗಿ ಆ ನಮಸ್ಕಾರ ಕಿವಿಗೆ ಬಹಳ ಇಂಪಾಗಿತ್ತು. ನಾನು ತಲೆಯಾಡಿಸಿ ತೆಗೆದುಕೊಂಡೆ.

ಸಾಮಾನು ಇಳಿಸುವಾಗ ಅಜ್ಜಿ ಕೇಳಿದರು. "ಸ್ಕೂಲು ದೊಡ್ಡದಾ ಮೇಷ್ಟ್ರೇ? ಎಷ್ಟು ಮಕ್ಳು?"

"ಇಬ್ರು" ಅಂದೆ, ಮಂಚದ ಕಾಲು ಹಿಡಿದುಕೊಂಡಿದ್ದ ಗಡಿಬಿಡಿಯಲ್ಲಿ.

"ಅಯ್ಯೋ, ನಿಮ್ಗೆಷ್ಟು ಮಕ್ಳು ಅಂತ ಕೇಳ್ಲಿಲ್ಲ. ಸ್ಕೂಲಲ್ಲಿ ಎಷ್ಟು ಮಕ್ಳು ಅಂದೆ."

ಎರಡು ಪ್ರಶ್ನೆಗೂ ಉತ್ತರ ಒಂದೇ ಎಂದು ಹೇಳುವ ಧೈರ್ಯ ಬರಲಿಲ್ಲ. "ಸದ್ಯಕ್ಕೆ ಕಮ್ಮಿ ಇದಾರೆ" ಅಂದುಬಿಟ್ಟೆ.

ರಜಾ ಅಂದ್ರೇನು?

ಒಂದು ಬೆಳಿಗ್ಗೆ ಮಕ್ಕಳನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಲು ಕರೆದುಕೊಂಡು ಹೋದೆ. ಅದು ನಮ್ಮ ಪಾಠವೇ. ಮೆಟ್ಟಿಲು ಎಣಿಸಿದರೆ ಗಣಿತ, ಹತ್ತಿದರೆ ವ್ಯಾಯಾಮ, ಬಂಡೆ ಮರ ನೋಡಿದರೆ ವಿಜ್ಞಾನ. ಮುನ್ನೂರಕ್ಕೆ ವಿಜ್ಞಾನ ನಿಂತುಹೋಯಿತು. ಐನೂರಕ್ಕೆ ಮೇಷ್ಟ್ರೇ ಕೂತುಬಿಟ್ಟರು.

ನಾನು ಏದುಸಿರು ಬಿಡುತ್ತಾ ಕೂತಿದ್ದ ಜಾಗಕ್ಕೆ, ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಒಬ್ಬ ಹೆಂಗಸು ಬಂದರು. ಮಗನ ಗಲ್ಲ ಹಿಡಿದು, "ರಜಾನಾ ಪುಟ್ಟ?" ಎಂದರು.

ಮಗ ಗಂಭೀರವಾಗಿ, "ಇಲ್ಲ, ಇದು ಕ್ಲಾಸು" ಅಂದ.

"ಬೇಸ್ಗೇಲೂ ಕ್ಲಾಸಾ? ರಜಾ ಕೊಟ್ಟಿಲ್ವಾ?"

ಅವನು ನನ್ನ ಕಡೆ ತಿರುಗಿ, ಹತ್ತಿ ಇಳಿಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದ. "ಅಪ್ಪಾ, ರಜಾ ಅಂದ್ರೇನು?"

ಮನೆಯಲ್ಲೇ ಕಲಿಯುವವನಿಗೆ ಆ ಪದ ಬೇಕಾಗಿಯೇ ಇರಲಿಲ್ಲ, ನಿಜ. ಆದರೆ ಅದನ್ನು ಐನೂರನೇ ಮೆಟ್ಟಿಲಿನಲ್ಲಿ ಯಾರಿಗೆ ವಿವರಿಸುವುದು? ಹತ್ತುತ್ತಿದ್ದ ಇಬ್ಬರು ನಿಂತು ನನ್ನನ್ನೇ ನೋಡಿದರು. ಒಬ್ಬ ಯಜಮಾನರು "ಈಗಿನ್ ಕಾಲದ್ ತಂದೆ ತಾಯಿ" ಎಂದಷ್ಟೇ ಹೇಳಿ ಮುಂದೆ ಹೋದರು. ಆ ಹೆಂಗಸು ತಮ್ಮ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಮಕ್ಕಳಿಗೆ ಕೊಟ್ಟರು. ಆಮೇಲೆ ನನ್ನ ಪಕ್ಕದ ಮೆಟ್ಟಿಲಿಗೆ ಕುಂಕುಮ ಹಚ್ಚಿ, ಕಣ್ಣು ಮುಚ್ಚಿ, "ತಾಯೀ, ಇವ್ರಪ್ಪಂಗೆ ಒಳ್ಳೇ ಬುದ್ಧಿ ಕೊಡವ್ವ" ಎಂದರು.

ಹೊಟ್ಟೆ ಸೀಳಿದ ಷ

ಅಜ್ಜಿಯ ಮಗಳು ಅಳಿಯ ಇರುವುದು ಲಷ್ಕರ್ ಮೊಹಲ್ಲಾದಲ್ಲಿ. ಅವರ ಮಗಳಿಗೆ, ಅಂದರೆ ಅಜ್ಜಿಯ ಮೊಮ್ಮಗಳಿಗೆ ಐದು ತುಂಬುವ ದಿನ ಅಜ್ಜಿಯ ಮನೆಯಲ್ಲೇ ಸಣ್ಣ ಸಮಾರಂಭ. ಬೇಕರಿಯಿಂದ ಕೇಕ್ ತರುವ ಕೆಲಸವನ್ನು ಅಜ್ಜಿ ನಂಬಿಕಸ್ಥರೆಂದು ನನಗೆ ವಹಿಸಿದರು. ಮಗಳನ್ನೂ ಕರೆದುಕೊಂಡು ಹೋದೆ.

ಬೇಕರಿಯವನು ಡಬ್ಬದ ಮುಚ್ಚಳ ತೆಗೆದು ತೋರಿಸಿದ. ಗುಲಾಬಿ ಕ್ರೀಮಿನಲ್ಲಿ "ಹುಟ್ಟುಹಬ್ಬದ ಶುಭಾಶಯಗಳು" ಎಂದು ಮುದ್ದಾಗಿ ಬರೆದಿದ್ದ. ಮಗಳು ಬಗ್ಗಿ ಓದಿ, "ಅಪ್ಪ, ಇದು ತಪ್ಪಲ್ವಾ? ನೀನು ಬೇರೆ ಷ ಹೇಳಿಕೊಟ್ಟಿದ್ದೆ" ಎಂದಳು.

ನಾನು ಬಗ್ಗಿ ನೋಡಿದೆ. ನನ್ನ ಪಾಠ ಮಗಳಿಗೆ ಅಷ್ಟು ಚೆನ್ನಾಗಿ ನೆನಪಿದೆಯಲ್ಲ ಎಂದು ಎದೆ ಉಬ್ಬಿತು. "ಹೌದು ಕಣ್ರೀ. ಹೊಟ್ಟೆ ಸೀಳಿದ ಷ ಬರ್ಬೇಕು" ಎಂದು ಬೇಕರಿಯವನಿಗೆ ತಿಳಿಹೇಳಿದೆ.

"ಹಂಗಾ ಮೇಷ್ಟ್ರೇ? ನಾನು ಇಷ್ಟ್ ವರ್ಷದಿಂದ ಇಂಗೇ ಬರೀತಾವ್ನಿ" ಎಂದು ಪಾಪ, ಆ ಒಂದು ಅಕ್ಷರ ಕೆರೆದು ತೆಗೆದು, ಜಾಗ ಸಾಲದೆ ಹಸಿರು ಕ್ರೀಮಿನಲ್ಲಿ ದಪ್ಪಗೆ ಷ ಬರೆದ. ನಾನು ಅವನ ಬೆನ್ನು ತಟ್ಟಿ ಬಂದೆ.

ಅಜ್ಜಿ ಕನ್ನಡಕ ಹಾಕಿಕೊಂಡು ಕೇಕ್ ನೋಡಿದವರು ನೋಡುತ್ತಲೇ ನಿಂತರು. "ಯಾರ್ರೀ ಇದು ಬರ್ದಿದ್ದು? ಶುಭ ಆಶಯ, ಶುಭಾಶಯ. ಆಷಯ ಅಂದ್ರೆ ಏನರ್ಥ? ಎಲ್ಲಿಂದ ಬಂತು ಈ ಷ?"

ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಮೇಣದಬತ್ತಿ ಕೊಡಲು ಹಿಂದೆಯೇ ಬಂದಿದ್ದ ಬೇಕರಿಯವನು, "ನಂದಲ್ಲ ಕಣಮ್ಮ. ಮೇಷ್ಟ್ರು ಏಳಿ ಬರುಸ್ದ್ರು" ಎಂದ.

ಎಲ್ಲರೂ ನನ್ನ ಕಡೆ ನೋಡಿದರು. ಮಗಳೂ ನೋಡಿದಳು. ಮಿಕ್ಕವರ ನೋಟ ತಡೆದುಕೊಂಡೆ, ಅವಳದನ್ನು ತಡೆಯಲಾಗಲಿಲ್ಲ. ಎರಡು ವರ್ಷದಿಂದ ಅವಳ ಪಾಲಿಗೆ ಸ್ಕೂಲೂ ನಾನೇ, ಪುಸ್ತಕವೂ ನಾನೇ. ಇನ್ನೇನೇನು ತಪ್ಪು ಹೇಳಿಕೊಟ್ಟಿದ್ದೇನೋ.

"ಕ್ರೀಮ್ ತೆಗೆದು ತಿದ್ದಿಬಿಡ್ತೀನಿ" ಎಂದು ಚಮಚ ಹುಡುಕಿದೆ.

ಅಜ್ಜಿ ಆಗಲೇ ಚಾಕು ಹಾಕಿ ಆ ಹಸಿರು ಷ ಇದ್ದ ತುಂಡನ್ನೇ ಕತ್ತರಿಸಿ ನನ್ನ ತಟ್ಟೆಗೆ ಹಾಕಿದರು. "ತಿದ್ದೋ ಹೊತ್ತು ಹೋಯ್ತು ಬುಡಿ ಮೇಷ್ಟ್ರೇ. ತಿನ್ನಿ."

ಹೆಡ್‌ ಮೇಡಮ್ಮು

ಇಷ್ಟಾದರೂ ಅಜ್ಜಿಗೆ ನನ್ನ ಮೇಲೆ ಗೌರವ ಕಡಿಮೆಯಾದಂತೆ ಕಾಣಲಿಲ್ಲ. ಮೇ ಕೊನೆಗೆ ಒಂದು ದಿನ ಮೆಟ್ಟಿಲ ಬಳಿ ಹಿಡಿದುಕೊಂಡರು. "ಮೊಮ್ಮಗಳನ್ನ ನಿಮ್ಮ ಸ್ಕೂಲಿಗೇ ಸೇರಿಸ್ಬೇಕು ಅಂತಿದೀನಿ. ಒಂದು ಅರ್ಜಿ ತಂದ್ಕೊಡಿ."

"ಸೀಟೆಲ್ಲ ಭರ್ತಿ ಆಗ್ಬಿಟ್ಟಿದೆ ಅಜ್ಜಿ."

"ಕಮ್ಮಿ ಮಕ್ಳು ಅಂದಿದ್ರಿ?"

"ಅದು... ಸ್ಕೂಲೂ ಚಿಕ್ಕದು."

"ಹೆಡ್‌ಮೇಷ್ಟ್ರಿಗೆ ಒಂದು ಮಾತು ಹೇಳಿ ಮತ್ತೆ."

"ಹೆಡ್‌ ಮೇಡಮ್ಮು. ತುಂಬಾ ಸ್ಟ್ರಿಕ್ಟು. ಯಾರ ಮಾತೂ ಕೇಳಲ್ಲ" ಎಂದೆ. ಹಿಂದೆ ಯಾರೋ ಕೆಮ್ಮಿದರು. ಬ್ಯಾಂಕಿನಿಂದ ಬಂದ ಹೆಂಡತಿ ಗೇಟಿನಲ್ಲಿ ನಿಂತಿದ್ದಳು.

ಮೇಲೆ ಹೋದ ಮೇಲೆ ಅವಳು ಬ್ಯಾಗನ್ನೂ ಇಳಿಸಲಿಲ್ಲ. "ಹೆಡ್‌ ಮೇಡಮ್ಮು ಹೇಳ್ತಿದೀನಿ ಕೇಳ್ರಿ. ನಾಳೆನೇ ಹೋಗಿ ನಿಜ ಹೇಳ್ಬಿಟ್ಟು ಬನ್ನಿ" ಎಂದಳು. ಹೂಂ ಅಂದೆ. ಹೋಗಲಿಲ್ಲ.

ಹತ್ತು ಗಂಟೆಗೆ ಬಾಗಿಲು ಹಾಕುವ ಸ್ಕೂಲು

ಸ್ಕೂಲುಗಳು ಶುರುವಾಗುವ ದಿನ ಬಂತು. ಬೆಳಿಗ್ಗೆ ರಸ್ತೆ ತುಂಬ ಯೂನಿಫಾರ್ಮು, ವ್ಯಾನು, ಆಟೋ. ನಾನು ಮಾಡಿದ ಯೋಚನೆ ಕೇಳಿದರೆ ನೀವು ನನ್ನನ್ನು ಮನೆಗೆ ಸೇರಿಸುವುದಿಲ್ಲ. ಮಕ್ಕಳಿಬ್ಬರ ಬೆನ್ನಿಗೂ ಬ್ಯಾಗು ಹಾಕಿ, ಕೊರಳಿಗೆ ನೀರಿನ ಬಾಟಲಿ ನೇತುಹಾಕಿ, ಸ್ಕೂಲಿಗೆ ಹೊರಟವರ ಹಾಗೆ ಹೊರಡುವುದು. ಸಂಜೆವರೆಗೆ ಪಾರ್ಕಿನಲ್ಲಿ ಪಾಠ ಮಾಡಿ ವಾಪಸು ಬರುವುದು.

ಮಗಳು ಬ್ಯಾಗು ಹಾಕಿಕೊಳ್ಳಲಿಲ್ಲ. ಮಂಚದ ಮೇಲೆ ಕೂತಿದ್ದಳು.

"ಏನಾಯ್ತು?"

"ಹೊಟ್ಟೆನೋವು" ಎಂದಳು.

ಎರಡು ವರ್ಷದಿಂದ ಆ ಮಾತು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. "ಸ್ಕೂಲಿಗಲ್ಲ ಪುಟ್ಟಿ, ಪಾರ್ಕಿಗೆ" ಎಂದೆ.

"ಗೊತ್ತು. ಮನೇಲಿ ಓದೋದು ತಪ್ಪಾ ಅಪ್ಪ? ತಪ್ಪಿಲ್ದಿದ್ರೆ ಯಾಕೆ ಬಚ್ಚಿಡ್ತೀಯಾ?"

ಉತ್ತರ ಗೊತ್ತಿತ್ತು. ನನಗೆ ಅವಳ ಓದಿನ ಬಗ್ಗೆ ನಾಚಿಕೆಯಿರಲಿಲ್ಲ, ಕೆಲಸವಿಲ್ಲದ ಗಂಡಸು ಎನ್ನಿಸಿಕೊಳ್ಳುವ ನಾಚಿಕೆ ಇತ್ತು. ಆ ನಮಸ್ಕಾರಗಳನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅದನ್ನು ಹತ್ತು ವರ್ಷದ ಹುಡುಗಿಗೆ ಹೇಳಲಾಗಲಿಲ್ಲ. "ಇವತ್ತೊಂದು ದಿನ ಬಾ" ಎಂದು ಬೇಡಿಕೊಂಡೆ. ಬಂದಳು. ಅವಳು ಹಾಗೆ ಸುಮ್ಮನೆ ಬಂದದ್ದೇ ನನಗೆ ಹೆಚ್ಚು ಅವಮಾನ.

ಪಾರ್ಕಿನ ಬೆಂಚಿನ ಮೇಲೆ ಒಂದು ಪಾಠ ಮುಗಿಯುವಷ್ಟರಲ್ಲಿ ಕಾವಲಿನವರು ಸೀಟಿ ಊದಿದರು. "ಹತ್ ಗಂಟೆ ಆಯ್ತು, ನಡೀರಿ. ಗೇಟ್ ಹಾಕ್ಬೇಕು. ಮತ್ತೆ ತೆಗೆಯೋದು ಸಾಯಂಕಾಲಾನೇ." ಇದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ನೆರಳು ಹುಡುಕಿಕೊಂಡು ಬೀದಿ ಬೀದಿ ಅಲೆದೆವು. ಕೊನೆಗೆ ಮಗನಿಗೆ ಒಂದಕ್ಕೆ ಅವಸರವಾಗಿ ಮನೆಗೇ ಬರಬೇಕಾಯಿತು.

ಗೇಟಿನಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಮೂವರೂ ತುದಿಗಾಲಿನಲ್ಲಿ ಮೆಟ್ಟಿಲು ಹತ್ತಿದೆವು. ಮೇಲೆ ಬಂದವನೇ ನಾನು ಮೊದಲ ಹೆಜ್ಜೆ ಇಟ್ಟೆ. ಕಾಲು ಪಚಕ್ಕೆಂದು ಹೂತುಹೋಯಿತು.

ನಮ್ಮ ಬಾಗಿಲ ಮುಂದೆ ಈ ತುದಿಯಿಂದ ಆ ತುದಿಗೆ ಬಿಳಿ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಮೂಲೆಯ ನೆರಳಲ್ಲಿ ಮಣೆಯ ಮೇಲೆ ಅಜ್ಜಿ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದರು.

"ನಿಲ್ಲಿ, ಇನ್ನೊಂದು ಹೆಜ್ಜೆ ಇಡ್ಬೇಡಿ!" ಎಂದರು. "ಎಲ್ರೂ ಸ್ಕೂಲಿಗೆ ಹೋದ್ರಲ್ಲ, ತುಳಿಯೋರು ಯಾರೂ ಇಲ್ಲ ಅಂತ ಇಲ್ಲಿಟ್ಟೆ. ಏನ್ ಇಷ್ಟ್ ಬೇಗ?"

ನಾನು ಒಂಟಿ ಕಾಲಲ್ಲಿ ನಿಂತು ಸುಳ್ಳು ಹುಡುಕುತ್ತಿದ್ದೆ. ಮಗ ಅಷ್ಟರಲ್ಲಿ, "ನಮ್ಮ ಸ್ಕೂಲು ಹತ್ತು ಗಂಟೆಗೆ ಬಾಗಿಲು ಹಾಕುತ್ತೆ ಅಜ್ಜಿ. ಸೀಟಿ ಊದ್ತಾರೆ" ಎಂದು ನನ್ನ ಜೇಬಿನಿಂದ ಬೀಗದಕೈ ಎಳೆದುಕೊಂಡು, ಸಂಡಿಗೆ ದಾಟಿ, ಬಾಗಿಲು ತೆಗೆದು ಒಳಗೆ ಓಡಿದ.

ಮಗಳು ಬ್ಯಾಗು ಇಳಿಸಿ ಅಜ್ಜಿಯ ಮುಂದೆ ನಿಂತಳು. "ಅಜ್ಜಿ, ನಮಗೆ ಸ್ಕೂಲಿಲ್ಲ. ಅಪ್ಪನೇ ಮನೇಲಿ ಹೇಳ್ಕೊಡೋದು. ಹೇಳೋಕೆ ಅಪ್ಪಂಗೆ ನಾಚ್ಕೆ."

ಅಜ್ಜಿ ನನ್ನ ಕಾಲಿನ ಸಂಡಿಗೆಯನ್ನೂ ನನ್ನ ಮುಖವನ್ನೂ ನೋಡಿದರು. "ಅದು ನನ್ಗೊತ್ತಿಲ್ವೇನೇ? ನಿಮ್ಮ ಸ್ಕೂಲಿರೋದು ನನ್ನ ತಲೆ ಮೇಲೇ ಅಲ್ವಾ? ನೀನು ದಿನಾ ಹದಿನೇಳರ ಮಗ್ಗಿ ಶುರು ಮಾಡಿ ಏಳಕ್ಕೆ ಬಂದು ನಿಂತ್ಬುಡ್ತೀಯ. ನಾನು ಕೆಳಗಡೆ ಒಗ್ಗರಣೆ ಹಾಕ್ತಾ 'ನೂರಾ ಹತ್ತೊಂಬತ್ತು' ಅಂತೀನಿ."

"ಮತ್ತೆ ಅರ್ಜಿ ಕೇಳಿದ್ರಿ?" ಎಂದೆ.

"ಇವತ್ ಹೇಳ್ತಾರಾ, ನಾಳೆ ಹೇಳ್ತಾರಾ ಅಂತ ಕಾಯ್ದೆ. ಹೇಳ್ಲಿಲ್ಲ. ಇವತ್ತು ಬ್ಯಾಗು ಹಾಕ್ಕೊಂಡು ಹೊರಟಿದ್ದು ನೋಡಿ, ವಾಪಸು ಇಲ್ಲಿಗೇ ಬರ್ಬೇಕಲ್ಲ ಅಂತ ನಿಮ್ಮ ಬಾಗಿಲಲ್ಲೇ ಸಂಡಿಗೆ ಇಟ್ಟೆ." ಕೋಲು ಕೆಳಗಿಟ್ಟು ಮಗಳನ್ನು ಹತ್ತಿರ ಕರೆದು ತಲೆ ನೇವರಿಸಿದರು. "ನನ್ನೂ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡ್ಸಿದ್ರು ಕಣಮ್ಮ. ಆಮೇಲೆ ನಮ್ಮಪ್ಪ ಮನೇಲೇ ಹೇಳ್ಕೊಟ್ರು. ಇದೇ ಬೀದೀಲಿ, ಜಗಲಿ ಮೇಲೆ ಕೂರಿಸ್ಕೊಂಡು, ಹೋಗೋರು ಬರೋರೆಲ್ಲ ನೋಡೋ ಹಾಗೆ. ಅವ್ರು ಒಂದಿನಾನೂ ನಾಚ್ಕೋಳ್ಲಿಲ್ಲ."

ಮಗಳು ನನ್ನ ಕಡೆ ತಿರುಗಿದಳು. ನಾನು ಅವಳ ಮುಂದೆ ಕೂತು, "ತಪ್ಪಾಯ್ತು ಪುಟ್ಟಿ. ನಾಳೆಯಿಂದ ನಾವೂ ಜಗಲಿ ಮೇಲೇ" ಎಂದೆ. ಅವಳು ಹೊಟ್ಟೆ ಮುಟ್ಟಿ ನೋಡಿಕೊಂಡು, "ಈಗ ನೋವಿಲ್ಲ" ಎಂದಳು. ನನ್ನ ಕಣ್ಣು ತುಂಬಿ ಬಂತು.

ಅಜ್ಜಿ ಬಗ್ಗಿ, ನಾನು ತುಳಿದ ಸಂಡಿಗೆಯನ್ನು ಬೆರಳಿನಿಂದ ಬಳಿದು ಮತ್ತೆ ದುಂಡಗೆ ಮಾಡುತ್ತಾ ಹೇಳಿದರು.

"ನಮ್ಮಪ್ಪಂಗೂ ನಿಮ್ಗೂ ಇರೋದು ಒಂದೇ ವ್ಯತ್ಯಾಸ ಮೇಷ್ಟ್ರೇ. ಅವ್ರಿಗೆ ಯಾವ ಶ ಎಲ್ಲಿ ಬರುತ್ತೆ ಅಂತ ಗೊತ್ತಿತ್ತು. ನಾಳೆ ಜಗಲಿಗೆ ನೀವೂ ಒಂದು ಸ್ಲೇಟು ತನ್ನಿ."