ಮೊದಲು ನಳ್ಳಿಗೆ ಹೇಳಿ

ನನ್ನ ಚಿಕ್ಕಮ್ಮನನ್ನು ಬಗ್ಗಿಸುವ ಗಂಡಸು ಇಡೀ ಥಾಣೆ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ. ಹೆಂಗಸರ ಪೈಕಿ ನನ್ನ ಅಜ್ಜಿಯೊಬ್ಬರೇ ಪ್ರಯತ್ನಪಟ್ಟು, ತಮ್ಮ ಸೊಂಟವೇ ಹಿಡಿದುಕೊಂಡಿತೆಂದು ಕೈಬಿಟ್ಟಿದ್ದರು. ಹಾಗೆಂದು ಚಿಕ್ಕಮ್ಮ ಜಗಳಗಂಟಿ ಎಂದುಕೊಳ್ಳಬೇಡಿ. ಜಗಳಗಂಟಿಯರನ್ನು ಹೇಗಾದರೂ ಸಮಾಧಾನ ಮಾಡಬಹುದು! ಚಿಕ್ಕಮ್ಮ ಎದುರಿನವರ ಮಾತನ್ನು ಪೂರ್ತಿ ಕೇಳಿ, ಮೆಲ್ಲಗೆ 'ಹೌದಾ' ಎಂದು, ಆಮೇಲೆ ತನಗೆ ಸರಿಕಂಡದ್ದನ್ನೇ ಮಾಡುವವಳು.

ಅವಳನ್ನು ನೋಡಲು ಕಲ್ಯಾಣದಿಂದ ಒಂದು ಹೋಟೆಲಿನವರ ಕುಟುಂಬ ಬಂದಿದ್ದ ಕಥೆ ಡೊಂಬಿವಲಿಯಲ್ಲಿದ್ದ ಉಡುಪಿ ಕಡೆಯವರಿಗೆಲ್ಲ ಬಾಯಿಪಾಠ. ಹುಡುಗನ ತಾಯಿ ಎರಡನೇ ಸಲ ಶಿರಾ ಹಾಕಿಸಿಕೊಂಡು, "ಹುಡುಗಿ ಸ್ವಲ್ಪ ಹೊಂದಿಕೊಂಡು ಹೋಗುವವಳಾದರೆ ಸಾಕು. ನಮಗೆ ಮತ್ತೆಂತದೂ ಬೇಡ" ಎಂದರಂತೆ.

"ಹುಡುಗ ಎಷ್ಟು ಹೊಂದಿಕೊಳ್ತಾರೆ?" ಎಂದು ಚಿಕ್ಕಮ್ಮ ಕೇಳಿದಳು.

"ಅವ ಹುಟ್ಟಿದಲ್ಲಿಂದ ಹೀಗೆಯೇ. ಇನ್ನು ಬದಲಾಗ್ಲಿಕ್ಕಿಲ್ಲ."

"ನಾನೂ ಹುಟ್ಟಿದಲ್ಲಿಂದ ಹೀಗೆಯೇ ಅಮ್ಮ."

ಬಂದವರು ಮೂರನೇ ಸಲ ಶಿರಾ ಕೇಳಲಿಲ್ಲ. ಚಿಕ್ಕಮ್ಮನ ಮದುವೆಯ ಮಾತು ಅಲ್ಲಿಗೇ ನಿಂತಿತು. ನನ್ನ ಪುಣ್ಯ! ನನ್ನ ಅಮ್ಮ ತೀರಿಕೊಂಡಾಗ ನನ್ನನ್ನು ಡೊಂಬಿವಲಿಗೆ ಕರೆತಂದು ಸಾಕಲು ಒಬ್ಬಳು ಚಿಕ್ಕಮ್ಮ ಉಳಿದಿದ್ದಳು. ಒಂದೂವರೆ ಕೋಣೆಯ ಮನೆ, ಅಜ್ಜಿ, ಅವಳು, ನಾನು. ಮೂರು ಹೊಟ್ಟೆಗೂ ಅವಳ ಒಂದೇ ಸಂಬಳ.

ಇಂಥ ಹಟಮಾರಿ ಲೋಕಲ್ ರೈಲಿನಲ್ಲಿ ಮಾತ್ರ ಬೆಣ್ಣೆ. ಮೂವರ ಬೆಂಚಿನಲ್ಲಿ ನಾಲ್ಕನೆಯವಳು ಅರ್ಧ ಕುಂಡೆ ಊರಲು ಜಾಗ ಕೇಳುವುದು ನಮ್ಮ ಕಡೆಯ ರೈಲುಗಳ ಪದ್ಧತಿ. ಬಾಯಿ ಬಿಟ್ಟು ಕೇಳುವುದೂ ಇಲ್ಲ, ಕೈಯನ್ನು ಚೂರು ಆಡಿಸಿದರೆ ಸಾಕು. ಚಿಕ್ಕಮ್ಮ ಆ ಕೈ ಆಡುವ ಮೊದಲೇ ಸರಿಯುತ್ತಿದ್ದಳು. ಮುಂಬ್ರಾ ಸ್ಟೇಷನ್ ಬರುವಷ್ಟರಲ್ಲಿ ಸರಿದು ಸರಿದು ಕಿಟಕಿಯ ಸರಳಿಗೆ ಅಂಟಿರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮನೆಯಲ್ಲಿ ಯಾರಿಗೂ ಜಗ್ಗದವಳು ಇಲ್ಲಿ ಯಾಕೆ ಇಷ್ಟು ಮೆತ್ತಗೆ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ಇಲ್ಲಿ ನಿಂತವಳು ಕೂತವಳ ಹತ್ರ ಕೇಳ್ತಾಳೆ ಮಾರಾಯ್ತಿ," ಎಂದಳು. "ಉಳಿದ ಕಡೆಯಲ್ಲೆಲ್ಲ ಕೂತವರೇ ನಿಂತವರ ಹತ್ರ ಕೇಳುವುದು."

ಹದಿನಾರರ ನನಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಸಲೆಂದೇ ಅವಳ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದ.

ಚಿಕ್ಕಮ್ಮ ಥಾಣೆಯ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಅವಳ ಕೈಕೆಳಗೆ ಹನ್ನೆರಡು ಹೆಂಗಸರು. ಹೆಚ್ಚಿನವರು ಗುಲ್ಬರ್ಗ, ಬಿಜಾಪುರದ ಕಡೆಯವರು, ಖಾಡಿಯ ಹಿನ್ನೀರಿನಾಚೆ ಕಳವಾ ಎಂಬ ಊರಿನ ಖೋಲಿಗಳಲ್ಲಿ ಇದ್ದವರು. ಹೊಸ ಮ್ಯಾನೇಜರ್ ಒಂದು ಕಾಗದ ಟೈಪು ಮಾಡಿಸಿದ. ಇನ್ನು ಮುಂದೆ ಕೆಲಸದಲ್ಲಿ 'ಫ್ಲೆಕ್ಸಿಬಿಲಿಟಿ' ಇರಬೇಕು, ಯಾವ ದಿನ ಯಾವ ಪಾಳಿ ಎಂಬುದನ್ನು ಆಯಾ ದಿನ ಬೆಳಿಗ್ಗೆ ಹೇಳುತ್ತೇವೆ, ಎಲ್ಲರೂ ಒಪ್ಪಿ ಸಹಿ ಹಾಕಬೇಕು. ಮೊದಲ ಸಹಿ ಸೂಪರ್‌ವೈಸರಳದು, ಅದನ್ನು ತೋರಿಸಿ ಉಳಿದವರ ಸಹಿ.

ಆ ಸಂಜೆ ನಮ್ಮ ಮನೆಯಲ್ಲಿ ನಿಘಂಟು ಹೊರಬಂತು. ಅದರಲ್ಲಿ 'ನಮ್ಯತೆ' ಎಂದಿತ್ತು. ಡೊಂಬಿವಲಿಯಲ್ಲಿ ಆ ಶಬ್ದವನ್ನು ಯಾರಾದರೂ ಆಡಿದ್ದು ನಾನಂತೂ ಕೇಳಿಲ್ಲ. ಅಜ್ಜಿ, "ಅಂದರೆ ನಮಸ್ಕಾರ ಮಾಡುವುದಾ?" ಎಂದರು. "ಹೆಚ್ಚು ಕಡಿಮೆ ಅದೇ ಅಮ್ಮ" ಎಂದು ಚಿಕ್ಕಮ್ಮ ನಿಘಂಟು ಮುಚ್ಚಿದಳು.

ಮರುದಿನ ಅವಳು ಮ್ಯಾನೇಜರನ ಮೇಜಿನ ಮುಂದೆ ನಿಂತು, ತನ್ನ ಉಡುಪಿ ಹಿಂದಿಯಲ್ಲಿ ವಿಷಯ ತಿಳಿಸಿದಳಂತೆ. ಕಳವಾ ಊರಿನ ನಳ್ಳಿಯಲ್ಲಿ ನೀರು ಬರುವುದು ಸಂಜೆ ನಾಲ್ಕಕ್ಕೆ, ಅದೂ ಮುಕ್ಕಾಲು ಗಂಟೆ. ಮೂರೂವರೆಗೆ ಪಾಳಿ ಬಿಟ್ಟರೆ ಓಡಿಹೋಗಿ ಸಾಲಿನಲ್ಲಿ ಕೊಡ ಇಡಬಹುದು. ಬೆಳಿಗ್ಗೆ ಕೆಲಸಕ್ಕೆ ಬಂದಮೇಲೆ ಇವತ್ತು ಏಳರವರೆಗೆ ಇರಿ ಎಂದರೆ ಆ ದಿನ ಮನೆಯಲ್ಲಿ ಅನ್ನಕ್ಕೂ ನೀರಿಲ್ಲ, ಮಕ್ಕಳ ಮೈಗೂ ನೀರಿಲ್ಲ.

"ಅರೇ ಬಾಯಿ, ಥೋಡಾ ಫ್ಲೆಕ್ಸಿಬಲ್ ಬನೋ," ಎಂದನಂತೆ ಆತ.

"ನಾವು ಆಗ್ತೇವೆ ಸಾಹೇಬರೇ. ಮೊದಲು ನಳ್ಳಿಗೆ ಹೇಳಿ."

ಹದಿನೈದು ದಿನದಲ್ಲಿ ಚಿಕ್ಕಮ್ಮನಿಗೆ ವಾಶಿಯ ಗೋದಾಮಿಗೆ ವರ್ಗವಾಯಿತು. ಸಹಿ ಹಾಕಿದ ದಿನ ಥಾಣೆಗೆ ವಾಪಸು ಬರಬಹುದೆಂದು ಬಾಯಿಮಾತಿನಲ್ಲಿ ತಿಳಿಸಿದರು. ಆಗ ವಾಶಿಗೆ ರೈಲಿರಲಿಲ್ಲ. ಥಾಣೆಯಲ್ಲಿ ಇಳಿದು, ಧೂಳು ತಿನ್ನುತ್ತ ಬಸ್ಸಿನಲ್ಲಿ ಹೋಗಬೇಕು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ರಾತ್ರಿ ಊಟದ ಹೊತ್ತಿಗೆ ಬರುತ್ತಿದ್ದಳು. ಒಂದು ದಿನವೂ ತಡವಾಗಿ ಹೋಗಲಿಲ್ಲ. ತಡವಾದರೆ ಅವರಿಗೆ ಖುಷಿಯಾಗುತ್ತದೆ, ಆ ಖುಷಿ ತಾನು ಕೊಡುವುದಿಲ್ಲ ಎನ್ನುತ್ತಿದ್ದಳು.

ಈ ಶೌರ್ಯದ ಕಥೆಯಲ್ಲಿ ನನ್ನ ಪಾಲು ಯಾವುದು ಗೊತ್ತೇ? ನೀರು ಹಿಡಿಯುವುದು, ಅಡುಗೆ, ರೇಶನ್ ಅಂಗಡಿಯ ಸಾಲು, ಅಜ್ಜಿಯ ಸೊಂಟಕ್ಕೆ ಎಣ್ಣೆ. ಉಳಿದ ಹೊತ್ತಿನಲ್ಲಿ ಹನ್ನೆರಡನೆಯ ತರಗತಿ! ಚಿಕ್ಕಮ್ಮನ ಮೇಲೆ ನನಗೆ ಸಿಟ್ಟಿತ್ತು. ಒಂದು ಸಹಿ, ಅರ್ಧ ಇಂಚಿನ ಶಾಯಿ, ಅದಕ್ಕಿಷ್ಟು ಬಿಗುಮಾನವೇ ಎಂದು ಪಾತ್ರೆ ತಿಕ್ಕುತ್ತ ಬೈದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಚಿಕ್ಕಮ್ಮ ಮಾರುಕಟ್ಟೆಗೆ ಹೋಗಿದ್ದಾಗ, ಪ್ಯಾಕಿಂಗಿನ ಒಬ್ಬ ಹೆಂಗಸು ಕಂಕುಳಲ್ಲಿ ಮಗು, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಬಂದಳು. ಒಳಗೆ ಬರಲೊಲ್ಲದೆ ಬಾಗಿಲಲ್ಲೇ ನಿಂತು ಕೇಳಿದಳು: "ಅಕ್ಕೋರು ಸೈ ಹಾಕ್ಯಾರಂತ ಮಂದಿ ಹೇಳ್ಲತ್ತಾರ. ಖರೇನ್ರಿ?"

"ಇಲ್ಲ" ಎಂದೆ.

"ಹಂಗಾರ ನಾವೂ ಹಾಕಂಗಿಲ್ರಿ. ಅವ್ರು ಹಾಕಿದ್ರ ನಮ್ಮನ್ಯಾರು ಬಿಡ್ತಾರ?" ಎಂದು ಗಂಟನ್ನು ನನ್ನ ಕೈಗಿಟ್ಟು ಹೋದಳು.

ಅದರ ಮುಂದಿನ ಶನಿವಾರ ನನ್ನ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಬಂತು. ಎರಡು ವಿಷಯಗಳಲ್ಲಿ ನಪಾಸು. ಚಿಕ್ಕಮ್ಮ ಚಪ್ಪಲಿ ಬಿಟ್ಟವಳು ಅದನ್ನು ನಿಂತುಕೊಂಡೇ ಓದಿದಳು. ಬೈಯಲಿಲ್ಲ. ನನ್ನ ಕೈ ಹಿಡಿದು ಅಂಗೈ ಮಗುಚಿ ನೋಡಿದಳು. ಬಕೆಟ್ಟಿನ ಹಿಡಿಕೆಯಿಂದ ಅಲ್ಲಿ ಚರ್ಮ ದಪ್ಪಗಾಗಿತ್ತು.

"ಸೋಮವಾರ ಸಹಿ ಹಾಕಿ ಥಾಣೆಗೆ ಬರ್ತೇನೆ," ಎಂದಳು. "ನಾನು ಬಗ್ಗಲಿಲ್ಲ ಅಂತ ಜಂಬ ಪಡ್ತಿದ್ದೆ. ನನ್ನ ಬದಲು ನಿನ್ನನ್ನು ಬಗ್ಗಿಸಿದೆ ಮಗಾ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಸೋಮವಾರದಿಂದ ನನಗೆ ನೀರಿಲ್ಲ, ರೇಶನ್ ಇಲ್ಲ, ಓದು ಮಾತ್ರ. ಎಷ್ಟು ದಿನದಿಂದ ಅದನ್ನೇ ಬಯಸಿದ್ದೆ. ಆದರೆ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತವಳು ನನ್ನನ್ನು ಕೇಳಿ ಹೋಗಿದ್ದಳು, ಚಿಕ್ಕಮ್ಮನನ್ನಲ್ಲ. 'ಇಲ್ಲ' ಎಂದವಳು ನಾನು.

"ನೀನು ಸಹಿ ಹಾಕಿದರೆ ನಾನು ಪರೀಕ್ಷೆಗೇ ಕೂರುವುದಿಲ್ಲ," ಎಂದೆ.

ಚಿಕ್ಕಮ್ಮ ನನ್ನ ಮಾತನ್ನು ಪೂರ್ತಿ ಕೇಳಿದಳು. "ಹೌದಾ" ಎಂದಳು. ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದು ಅವಳ ವಾಶಿಯ ಊಟದ ಡಬ್ಬಿಯನ್ನು ನಾನೇ ಕಟ್ಟಿದೆ. ಐದೂವರೆಗೆ ಅವಳು ಅದನ್ನು ಹಿಡಿದು ವಾಶಿಗೇ ಹೊರಟಳು.