ಕಬಡ್ಡಿ ಕಣದಲ್ಲಿ ನನ್ನ ಕಾಲರ್ ಹಿಡಿದ ಮೈಕಿಗೆ

ಸನ್ಮಾನ್ಯ ಕಾಲರ್ ಮೈಕ್ ಅವರಿಗೆ,
ಪತ್ರಿಕೋದ್ಯಮ ವಿಭಾಗದ ಕಪಾಟು, ಎರಡನೇ ಅರೆ.

ಮಾನ್ಯರೇ,

ಚಾರ್ಜ್ ಮಾಡಿಸಿಕೊಂಡು ಸುಖವಾಗಿ ಪವಡಿಸಿರುವ ತಮಗೆ, ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಕುಳಿತಿರುವ ಆಳಂದದ ವಿದ್ಯಾರ್ಥಿನಿ ಪಂಚಶೀಲಾಳ ಅನಂತ ನಮಸ್ಕಾರಗಳು. ಬಟಾಣಿ ಕಾಳಿನಷ್ಟಿರುವ ತಾವು ಒಬ್ಬ ವರದಿಗಾರ್ತಿಯ ಮಾನವನ್ನೂ ಅಂಕಗಳನ್ನೂ ಒಂದೇ ಮಧ್ಯಾಹ್ನದಲ್ಲಿ ಕಳೆದ ಸಾಹಸ ನಾಲ್ಕು ಜನಕ್ಕೆ ತಿಳಿಯಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ವರದಿಗಾರ್ತಿ ತಾನೇ ಆಡಿ ತೋರಿಸುವ ಕ್ರೀಡಾ ಚಿತ್ರವೊಂದನ್ನು ತಯಾರಿಸಬೇಕೆಂದು ಮೇಷ್ಟ್ರು ಅಪ್ಪಣೆ ಕೊಟ್ಟಿದ್ದರಿಂದ, ಅಫಜಲಪುರದ ಹುಡುಗಿಯರ ಕಬಡ್ಡಿ ತಂಡದೊಂದಿಗೆ ನಾನು ಕಣಕ್ಕಿಳಿದೆ. ಎದುರಾಳಿಗಳ ಅಂಗಳಕ್ಕೆ ಹೋದವಳು ಮರಳುವ ತನಕ ಬಿಡದೆ ‘ಕಬಡ್ಡಿ’ ಎನ್ನುತ್ತಿರಬೇಕು ಎಂಬುದು ಆಟದ ನಿಯಮ. ವರದಿಗಾರ್ತಿ ಸುಮ್ಮನಾದರೆ ವೀಕ್ಷಕರು ಎದ್ದುಹೋಗುತ್ತಾರೆ ಎಂಬುದು ನಮ್ಮ ತರಗತಿಯ ನಿಯಮ. ಕೊರಳ ಬಳಿ ತಾವು ಕಿವಿ ತೆರೆದು ಕುಳಿತಿದ್ದೀರೆಂಬ ಗೌರವದಿಂದ ನಾನು, ‘ಕಬಡ್ಡಿ, ಕಬಡ್ಡಿ, ವೀಕ್ಷಕರೇ, ನಾನೀಗ ಎದುರಾಳಿಗಳ ಅಂಗಳದಲ್ಲಿದ್ದೇನೆ’ ಎಂದುಬಿಟ್ಟೆ. ಸೀಟಿ ಮೊಳಗಿತು. ಏಳು ಹುಡುಗಿಯರಲ್ಲಿ ಒಬ್ಬಳೂ ಮುಟ್ಟುವ ಶ್ರಮ ತೆಗೆದುಕೊಳ್ಳದೆ ನಾನು ಔಟಾದೆ. ಗಾಬರಿಯಲ್ಲಿ ಎಡವಿ ಮೊಣಕಾಲನ್ನೂ ತರಚಿಕೊಂಡೆ. ‘ಅಕ್ಕಾ, ಆಡ್ತೀರೋ, ಸುದ್ದಿ ಓದ್ತೀರೋ? ಒಂದ ಮಾಡ್ರಿ’ ಎಂದು ನಾಯಕಿ ಶಿವಗಂಗಾ ಕೇಳಿದ್ದನ್ನು ತಾವು ಎಷ್ಟು ಸ್ಪಷ್ಟವಾಗಿ ದಾಖಲಿಸಿದ್ದೀರಿ!

ಅಷ್ಟಕ್ಕೇ ಬಿಟ್ಟಿದ್ದರೆ ನಾನು ದೂರುತ್ತಿರಲಿಲ್ಲ. ಗಾಯ ತೊಳೆಯಲು ನಳದ ಕಡೆ ಓಡುವಾಗ ತಮ್ಮನ್ನು ಜಾಕೆಟ್ ಸಮೇತ ಬೆಂಚಿನ ಮೇಲೆ ಎಸೆದೆ, ಸ್ವಿಚ್ಚು ಮರೆತೆ. ಅದೇ ಬೆಂಚಿಗೆ ಶಿವಗಂಗಾಳೂ, ಮಣ್ಣೂರಿನಿಂದ ಆಟ ನೋಡಲು ಬಂದಿದ್ದ ಅವಳ ತಾಯಿ ಬಾಳಮ್ಮನವರೂ ಬಂದು ಕುಳಿತರು. ಈ ಬಾಳಮ್ಮನವರು ಆಟಕ್ಕೆ ಮುಂಚೆ ಕ್ಯಾಮೆರಾದೆದುರು ಸೆರಗು ಸರಿಮಾಡಿಕೊಂಡು, ‘ಮಗಳಿಗಿ ನಾವು ಎಂದೂ ಬ್ಯಾಡ ಅಂದಿಲ್ರಿ, ಎಲ್ಲಿಗಿ ಬೇಕಾದ್ರ ಹೋಗಿ ಆಡ್ಲಿ’ ಎಂದು ಹೇಳಿದ್ದರು. ತಮ್ಮೆದುರು ಹೇಳಿದ್ದೇ ಬೇರೆ: ‘ಕಲಬುರ್ಗಿ ಗಿಲಬುರ್ಗಿ ಏನೂ ಬ್ಯಾಡ. ಕೈಕಾಲು ಮುರಕೊಂಡ್ರ ನಿನ್ನ ಯಾರ ಲಗ್ನ ಆಗ್ತಾರ ಬೇ?’ ಮುಂದಿನ ವಾರವೇ ಕಲಬುರಗಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ‘ಇದೊಂದ ಸಲ ಕಳಸ ಯವ್ವಾ’ ಎಂದು ಮಗಳು ಗೋಗರೆದರೂ ತಾಯಿ ಬೈದು ಎದ್ದುಹೋದರು. ಆಮೇಲೆ ಶಿವಗಂಗಾ ಒಬ್ಬಳೇ ಕುಳಿತು ಬಿಕ್ಕಿದ್ದನ್ನು ತಮ್ಮನ್ನು ಬಿಟ್ಟು ಯಾರೂ ಕೇಳಲಿಲ್ಲ.

ಮರುದಿನ ಇದನ್ನು ಕೇಳಿದ ನಮ್ಮ ಕ್ಯಾಮೆರಾದ ಅಜಯಕುಮಾರ, ‘ಬಂಗಾರ ಸಿಕ್ಕದ ನೋಡ ಬೇ! ಎರಡೂ ಮಾತು ಒಂದರ ಹಿಂದ ಒಂದು ಇಡೋಣು’ ಎಂದು ಕುಣಿದಾಡಿದ. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು. ಹಿಂದೆಯೇ ನಾಚಿಕೆಯೂ ಆಯಿತು. ಅವಳ ಅಳುವನ್ನು ನಾನು ಕೇಳಿ ಪಡೆದಿರಲಿಲ್ಲ.

ಶಿವಗಂಗಾಳಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ‘ಮೊದಲ ನಮ್ಮವ್ವಗ ಕೇಳಸ್ರಿ’ ಎಂದಷ್ಟೇ ಅಂದಳು. ಬಸ್ಸು ಹತ್ತಿ ಮಣ್ಣೂರಿಗೆ ಹೋಗಿ ಬಾಳಮ್ಮನವರ ಕಿವಿಗೆ ಇಯರ್‌ಫೋನ್ ಇಟ್ಟೆ. ಮಗಳಿಗೆ ಬೈದದ್ದನ್ನು ಒಮ್ಮೆ ಕೇಳಿದರು. ಮಗಳು ಬಿಕ್ಕಿದ್ದನ್ನು ಮಾತ್ರ ಮತ್ತೊಮ್ಮೆ ಹಾಕಿಸಿದರು. ಕೊನೆಗೆ ಇಯರ್‌ಫೋನ್ ನನ್ನ ಕೈಗಿಟ್ಟು, ‘ಇದನ್ನ ಅಳಸಿಬಿಡ್ರಿ. ಕ್ಯಾಮೆರಾದ ಮುಂದ ಹೇಳಿದ್ದ ಮಾತ ಇಟ್ಟಗೊಳ್ರಿ. ಅದನ್ನ ನಾ ಖರೇ ಮಾಡ್ತೇನಿ’ ಎಂದರು.

ಅಳಿಸಿದೆ. ಪರಿಣಾಮವಾಗಿ ನಮ್ಮ ಮೇಷ್ಟ್ರು ‘ಚಿತ್ರದಲ್ಲಿ ಸಂಘರ್ಷವೇ ಇಲ್ಲ’ ಎಂದು ಬರೆದು ಅಂಕ ಕತ್ತರಿಸಿದ್ದಾರೆ.

ಆದಕಾರಣ, ಇನ್ನು ಮುಂದೆ ಯಾರ ಮಾತನ್ನಾದರೂ ಕೇಳುವ ಮುನ್ನ ತಾವು ಒಮ್ಮೆ ಗಟ್ಟಿಯಾಗಿ ಕೆಮ್ಮಬೇಕೆಂದೂ, ಯಾರಾದರೂ ಅತ್ತರೆ ತಾವಾಗಿಯೇ ಕಿವಿ ಮುಚ್ಚಿಕೊಳ್ಳಬೇಕೆಂದೂ, ನಾನು ‘ವೀಕ್ಷಕರೇ’ ಎನ್ನಲು ಬಾಯಿ ತೆರೆದ ಕ್ಷಣ ಕೊರಳಿಗೆ ಚುಚ್ಚಬೇಕೆಂದೂ ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಸ್ವಿಚ್ಚನ್ನು ಈಗ ಮೂರು ಸಲ ನೋಡುವ
ತಮ್ಮ ವಿಶ್ವಾಸಿ,
ಪಂಚಶೀಲಾ

ತಾ.ಕ.: ಆಯ್ಕೆಯ ದಿನ ಬಾಳಮ್ಮನವರೇ ಮಗಳನ್ನು ಕಲಬುರಗಿಗೆ ಕರೆತಂದು, ಗೆರೆಯ ಪಕ್ಕ ನಿಂತು, ‘ಉಸರ ಬಿಡಬ್ಯಾಡ ಬೇ, ಶಿವಗಂಗಾ!’ ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು. ಎಲ್ಲರಿಗೂ ಕೇಳಿಸಿತು, ತಮಗೊಬ್ಬರಿಗೆ ಬಿಟ್ಟು. ತಾವು ಕಪಾಟಿನಲ್ಲಿ ಚಾರ್ಜ್ ಆಗುತ್ತಿದ್ದಿರಿ.