ಮಾವನ ಕಣ್ಣಿಗೆ ಬೀಳದ ಏಟು

ತನ್ನ ಮದುವೆಯಲ್ಲಿ ತಾನೇ ಕೊನೆಯ ಪಂಕ್ತಿಗೆ ಹೋಗಿ, ಅಡಿಗೆಯವರ ಜೊತೆ ಕೂತು ಉಂಡ ಮದುಮಗನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯಲ್ಲೇ ಒಬ್ಬರಿದ್ದರು! ನನ್ನ ಸೋದರಮಾವ. ಬೀಗರಿಗೆ ಕೊಟ್ಟ ಕಾಫಿ ತಣ್ಣಗಿತ್ತೆಂದು ಜಗಳ ಹತ್ತಿ, ಎರಡೂ ಕಡೆಯವರು ಶಲ್ಯ ಹಿಡಿದು ಎಳೆದಾಡುವ ಮಟ್ಟಕ್ಕೆ ಹೋಯಿತಂತೆ. ಮಾವ ಹಸೆಮಣೆಯಿಂದ ಎದ್ದು ಬಂದು, “ಕೈ ಎತ್ತಿದವರೆಲ್ಲ ಕೊನೇ ಪಂಕ್ತಿಗೆ” ಎಂದು ತೀರ್ಪು ಕೊಟ್ಟರಂತೆ. ಬಿಡಿಸುವ ಭರದಲ್ಲಿ ಅವರೂ ಯಾರದೋ ಶಲ್ಯ ಎಳೆದಿದ್ದರು. ಸರಿ, ತೀರ್ಪು ಅವರಿಗೂ ತಗುಲಿತು. “ಮೊದಲನೇ ಪಂಕ್ತೀಲಿ ನಾನೊಬ್ಬಳೇ ಅಳ್ತಾ ಹೋಳಿಗೆ ತಿಂದೆ. ಅವತ್ತೇ ಗೊತ್ತಾಯ್ತು ನನ್ನ ಹಣೆಬರಹ” ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು.

ನಿಮ್ಮನ್ನು ನಗಿಸಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಮಾವನ ವಿಷಯದಲ್ಲಿ ನನ್ನ ನಗು ಬಹಳ ದೂರ ನಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮಾವ ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಮಾತ್ರ ಕಬಡ್ಡಿಯ ರೆಫರಿ. ಎಲ್ಲರೂ ಜನಿವಾರಕ್ಕೆ ಬೀಗದ ಕೈ ಕಟ್ಟಿಕೊಂಡರೆ ಇವರು ಸೀಟಿ ಕಟ್ಟಿಕೊಂಡಿದ್ದರು! ಆ ಕಾಲದಲ್ಲಿ ನಮ್ಮ ಕಡೆಯ ಕಬಡ್ಡಿ ಅರ್ಧ ಆಟ, ಅರ್ಧ ಹೊಡೆದಾಟ. ಹೊಡೆದಾಟ ನಿಂತ ಮೇಲೆ ರೆಫರಿಗಳ ಪಂಚಾಯ್ತಿ ಶುರುವಾಗುತ್ತಿತ್ತು. ದೊಡ್ಡವರ ಮಗನಾದರೆ ಬುದ್ಧಿವಾದ, ದಿಕ್ಕಿಲ್ಲದವನಾದರೆ ಆಟದಿಂದ ಹೊರಗೆ. ಮಾವನ ಬಳಿ ಆ ಬೇಳೆ ಬೇಯುತ್ತಿರಲಿಲ್ಲ. ಅವರದು ಒಂದೇ ಕಾನೂನು: ಕೈ ಎತ್ತಿದವನು ಮುಂದಿನ ಎರಡು ಆಟಕ್ಕೆ ಹೊರಗೆ. ಮೊದಲು ಹೊಡೆದವನಿಗೂ ಅಷ್ಟೇ, ತಿರುಗಿ ಹೊಡೆದವನಿಗೂ ಅಷ್ಟೇ. ಸಾಕ್ಷಿ ಕೇಳುವ ಪದ್ಧತಿಯೂ ಇಲ್ಲ. ಹೊಡೆದವನು ತಾನೇ ಒಪ್ಪಿಕೊಂಡದ್ದು, ಇಲ್ಲವೇ ತಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ಲೆಕ್ಕ. “ಯಾರು ಶುರು ಮಾಡಿದ್ದು ಅಂತ ಕೇಳ್ತಾ ಹೋದ್ರೆ ಕುರುಕ್ಷೇತ್ರದವರೆಗೂ ಹೋಗ್ಬೇಕಾಗುತ್ತೆ. ನನಗೆ ಸೋಮವಾರ ಕಚೇರಿ ಇದೆ” ಎನ್ನುತ್ತಿದ್ದರು.

ಹಳೇಬೀಡಿನಲ್ಲೊಮ್ಮೆ ಪಟೇಲರ ಮಗನೂ ಅವರ ಜಮೀನಿನ ಕೂಲಿಯಾಳಿನ ಮಗನೂ ಹೊಡೆದಾಡಿಕೊಂಡರು. ಇಬ್ಬರನ್ನೂ ಹೊರಗೆ ಕೂರಿಸಿದ್ದಾಯಿತು. ಪಟೇಲರು ಕೆಂಡವಾದರು.

“ಏನ್ರೀ, ನನ್ನ ಮಗನಿಗೂ ಅವನಿಗೂ ಒಂದೇ ಶಿಕ್ಷೆಯೇನ್ರೀ?”

“ಏಟು ನೋಡ್ದೆ ಪಟೇಲ್ರೇ. ಏಟಿನಲ್ಲಿ ಜಮೀನು ಕಾಣ್ಲಿಲ್ಲ.”

ಇಂಥ ಮಾತಿಗೆ ಪೆಟ್ಟು ತಿನ್ನದೆ ಮನೆಗೆ ಬಂದದ್ದೇ ಹೆಚ್ಚು! ಆದರೆ ನೋಡಿ, ಆರು ತಿಂಗಳ ನಂತರ ಪಟೇಲರಿಗೂ ಅವರ ತಮ್ಮನಿಗೂ ಬದುವಿನ ಜಗಳ ಬಂದಾಗ ಅರಸೀಕೆರೆಗೆ ಗಾಡಿ ಕಳಿಸಿದ್ದು ಇದೇ ಮಾವನಿಗಾಗಿ. ಮಾವ ಹೋದರು, ನೋಡಿದರು, ಪಟೇಲರದೇ ತಪ್ಪು ಎಂದರು. ವಾಪಸು ಬರಲು ಗಾಡಿ ಸಿಗಲಿಲ್ಲ. ಬಸ್ಸಿಗೆ ಕಾದು ಬಂದರು.

ಮನೆಯಲ್ಲೂ ಅದೇ ಕಾನೂನು. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡು, ಅಮ್ಮ ನನ್ನನ್ನೂ ತಂಗಿಯನ್ನೂ ಕರೆದುಕೊಂಡು ತಮ್ಮನ ಮನೆ ಸೇರಿದ್ದಳು. ಒಮ್ಮೆ ಒಂದು ಅಚ್ಚು ಬೆಲ್ಲಕ್ಕಾಗಿ ನಾನು ತಂಗಿಗೆ ಹೊಡೆದೆ, ಅವಳು ನನ್ನನ್ನು ಕಚ್ಚಿದಳು. ನನಗೆ ಬೆಲ್ಲವಿಲ್ಲ ಎಂದಾಯಿತು. ತಂಗಿ, “ನಾನು ಕೈ ಎತ್ತೇ ಇಲ್ಲ ಮಾವ” ಎಂದಳು. ಮಾವ ನನ್ನ ತೋಳಿನ ಮೇಲಿನ ಗುರುತನ್ನು ಬಹಳ ಹೊತ್ತು ಪರೀಕ್ಷಿಸಿ, “ಇವತ್ತಿನಿಂದ ಹಲ್ಲೂ ಕೈಗೆ ಸೇರಿದ್ದು” ಎಂದು ಕಾನೂನು ತಿದ್ದಿ ಅವಳಿಗೂ ಬೆಲ್ಲ ತಪ್ಪಿಸಿದರು.

ಹೀಗೆ ಬೆಳೆದ ನಾನು ಅರಸೀಕೆರೆ ತಂಡದ ಮುಖ್ಯ ಆಟಗಾರನಾದೆ. ಉಸಿರು ಹಿಡಿದು ನುಗ್ಗಿದರೆ ಇಬ್ಬರನ್ನಾದರೂ ಮುಟ್ಟದೆ ಬರುತ್ತಿರಲಿಲ್ಲ. ಅಕ್ಕನ ಮಗನೇ ಆಡುತ್ತಿದ್ದರೂ ಎದುರು ತಂಡದವರು ಮಾವನೇ ರೆಫರಿಯಾಗಲಿ ಎಂದು ಕೇಳಿ ಕರೆಸುತ್ತಿದ್ದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರಿಗೆ ಸಿಕ್ಕೀತು?

ಎಸ್ಸೆಸ್ಸೆಲ್ಸಿ ಮುಗಿದು ಎರಡು ವರ್ಷವಾದರೂ ನನಗೆ ಕೆಲಸವಿರಲಿಲ್ಲ. ಒಬ್ಬರ ಸಂಬಳದಲ್ಲಿ ಎರಡು ಸಂಸಾರ. ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ನನ್ನ ಎದೆಗೆ ಕಲ್ಲಾಗಿತ್ತು. ಅಮ್ಮ ಎರಡನೇ ಸಲ ಅನ್ನ ಬಡಿಸಿಕೊಳ್ಳುವುದನ್ನು ಬಿಟ್ಟಿದ್ದಳು. ಅಷ್ಟರಲ್ಲಿ ಸುದ್ದಿ ಬಂತು: ಆ ವರ್ಷದ ಕಬಡ್ಡಿ ಟೂರ್ನಮೆಂಟಿನ ಕೊನೆಯ ಭಾನುವಾರ ಅರಸೀಕೆರೆಯಲ್ಲಿ ಎಲ್ಲ ತಂಡಗಳೂ ಆಡುವಾಗ ರೈಲ್ವೆಯ ಸಾಹೇಬರು ಬಂದು ನೋಡಿ ಒಬ್ಬ ಆಟಗಾರನಿಗೆ ಕೆಲಸ ಕೊಡುತ್ತಾರೆ. ಒಬ್ಬನೇ ಒಬ್ಬನಿಗೆ!

ಅದರ ಹಿಂದಿನ ಭಾನುವಾರ ಬೇಲೂರಿನಲ್ಲಿ ನಮಗೂ ಬಿಕ್ಕೋಡಿನವರಿಗೂ ಆಟ. ಬಿಕ್ಕೋಡಿನಲ್ಲಿ ಒಬ್ಬನಿದ್ದ, ಕಾಫಿ ತೋಟದಲ್ಲಿ ಕೂಲಿ ಮಾಡುವವನು, ನನ್ನದೇ ವಯಸ್ಸು. ಅವನು ಕಾಲು ಹಿಡಿದರೆ ಬಿಡಿಸಿಕೊಂಡವರಿಲ್ಲ. ನಿಜ ಹೇಳುತ್ತೇನೆ, ಅವನು ನನಗಿಂತ ಒಳ್ಳೆಯ ಆಟಗಾರ. ಆ ದಿನ ಮೂರು ಸಲ ನನ್ನನ್ನು ಹಿಡಿದು ಕೆಡವಿದ. ಮೂರನೇ ಸಲ ಮಣ್ಣು ಕಚ್ಚಿ ಬಿದ್ದಾಗ ಮುಂದಿನ ಭಾನುವಾರವೂ ಇವನೇ ಗೆಲ್ಲುತ್ತಾನೆ ಎಂಬುದು ಖಾತ್ರಿಯಾಯಿತು. ಎದ್ದವನೇ ಅವನ ಮುಖಕ್ಕೆ ಗುದ್ದಿದೆ. ಅವನೂ ಗುದ್ದಿದ. ಬಿಡಿಸಲು ಎರಡೂ ತಂಡಗಳು ನುಗ್ಗಿ ಧೂಳೆದ್ದಿತು.

ಸೀಟಿ ಕೂಗಿತು. ಮಾವ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಮಾಮೂಲಿನಂತೆ ಕೇಳುತ್ತಾ ಬಂದರು.

“ಕೈ ಎತ್ತಿದೆಯಾ?”

“ಎತ್ತಿದೆ ಸ್ವಾಮಿ,” ಎಂದ ಬಿಕ್ಕೋಡಿನವನು. ಮೂಗಿನಿಂದ ರಕ್ತ ಸುರಿಯುತ್ತಿತ್ತು. “ಅವ್ನು ಹೊಡ್ದ, ನಾನೂ ಹೊಡ್ದೆ.”

ನನ್ನ ಮುಂದೆ ಬಂದು ನಿಂತರು. “ನೀನು?”

“ಇಲ್ಲ ಮಾವ.”

ಹುಟ್ಟಿದಾಗಿನಿಂದ ಅವರ ಹತ್ತಿರ ಸುಳ್ಳು ಹೇಳಿದವನಲ್ಲ. ಬಿಕ್ಕೋಡಿನವರೆಲ್ಲ, “ಅವ್ನೇ ಮೊದ್ಲು ಹೊಡ್ದಿದ್ದು ಸ್ವಾಮಿ!” ಎಂದು ಕೂಗಿದರು. ಮಾವ ಸಾಕ್ಷಿ ಕೇಳುವವರಲ್ಲವಲ್ಲ! ನನ್ನನ್ನೇ ನೋಡುತ್ತಾ ನಿಂತಿದ್ದು, “ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಏಟು” ಎಂದು ಅವನನ್ನು ಮಾತ್ರ ಎರಡು ಆಟಕ್ಕೆ ಹೊರಗಿಟ್ಟರು. ಮಾವನ ಮಾತೆಂದರೆ ಮಾತು. ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅವನೂ ತಲೆ ತಗ್ಗಿಸಿ ಎದ್ದು ಹೋದ.

ಮುಂದಿನ ಭಾನುವಾರ ನನ್ನನ್ನು ಹಿಡಿಯುವವರೇ ಇರಲಿಲ್ಲ. ಕೆಲಸ ಸಿಕ್ಕಿತು, ಹುಬ್ಬಳ್ಳಿಗೆ ಹೊರಟೆ. ಅಮ್ಮ ಪಾಯಸ ಮಾಡಿದಳು. ಮಾವ ಹೊಟ್ಟೆ ಸರಿಯಿಲ್ಲವೆಂದು ಮಜ್ಜಿಗೆ ಕುಡಿದು ಎದ್ದರು. ಆಮೇಲೆ ಮೈದಾನದ ಕಡೆ ತಲೆ ಹಾಕಲಿಲ್ಲ. ಕರೆಯಲು ಬಂದವರಿಗೆ, “ಕಣ್ಣು ಮಂಜಾಗಿದೆ” ಎನ್ನುತ್ತಿದ್ದರು. ಅದೇ ಕಣ್ಣಿನಲ್ಲಿ ಕಚೇರಿಯ ಸಣ್ಣಕ್ಷರದ ಕಾಗದಗಳನ್ನು ಕನ್ನಡಕವಿಲ್ಲದೆ ಓದುತ್ತಿದ್ದರು! ಊರಿನವರು ಇದನ್ನೂ ಅವರ ಹುಚ್ಚುಗಳ ಪಟ್ಟಿಗೆ ಸೇರಿಸಿ ನಕ್ಕರು. ನಾನೂ ನಕ್ಕೆ. ಧೂಳಿನಲ್ಲಿ ಅವರಿಗೆ ನಿಜವಾಗಿ ಕಾಣಲಿಲ್ಲ ಎಂದು ನಂಬಿಕೊಂಡಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

ಹತ್ತು ಹನ್ನೆರಡು ವರ್ಷವಾದ ಮೇಲೆ ಮಾವ ಹಾಸಿಗೆ ಹಿಡಿದರೆಂದು ಕಾಗದ ಬಂತು. ರಜ ಹಾಕಿ ಹೋದೆ. ಅತ್ತೆ ಗಂಜಿ ಕುಡಿಸಿ ಒಳಗೆ ಹೋದ ಮೇಲೆ ಮಾವ ಗೋಡೆ ನೋಡುತ್ತಾ ಹೇಳಿದರು:

“ಬೇಲೂರಲ್ಲಿ ನಾನು ನೋಡಿದ್ದೆ ಕಣೋ.”

ನಾನು ಹಾಸಿಗೆಯ ಹತ್ತಿರಕ್ಕೆ ಸರಿದು ಕೂತೆ.

“ನಿಂದೇ ಮೊದಲನೇ ಏಟು. ಚೆನ್ನಾಗಿ ನೋಡಿದ್ದೆ. ಹೇಳೋಣ ಅಂತ ಬಾಯಿ ತೆಗೆದೆ, ಅಕ್ಕನ ತಟ್ಟೆ ಕಣ್ಮುಂದೆ ಬಂತು.”

ನಾನು ಹುಬ್ಬಳ್ಳಿಗೆ ಹೋದ ಮಾರನೆಯ ವಾರವೇ ಮಾವ ಕಚೇರಿಗೆ ರಜ ಹಾಕಿ ಬಿಕ್ಕೋಡಿಗೆ ಹೋಗಿ, ತೋಟದಲ್ಲಿ ಅವನನ್ನು ಹುಡುಕಿ, ತಪ್ಪಾಯಿತು ಎಂದು ಕೇಳಿಕೊಂಡಿದ್ದರಂತೆ.

“ಏನಂದ ಮಾವ?”

“ಬುಡಿ ಸ್ವಾಮಿ, ನಂಗೂ ಒಬ್ಬ ಮಾವ ಇದ್ದಿದ್ರೆ ಹಿಂಗೇ ಮಾಡ್ತಿದ್ದ, ಅಂದ.” ಮಾವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. “ಅವನಿಗೆ ಯಾರೂ ಇರ್ಲಿಲ್ಲ ಕಣೋ.”

ನಾನು ಚಿಕ್ಕ ಹುಡುಗನಂತೆ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, “ನಾನು ಬಿಕ್ಕೋಡಿಗೆ ಹೋಗಿ ಅವನನ್ನ ನೋಡಿ ಬರ್ತೀನಿ ಮಾವ” ಎಂದೆ. ಅವರ ಮುಖ ಅರಳಿತು.

“ಹೋಗ್ತೀಯಾ? ಒಂದು ಗಂಟೆಗೆ ಬೇಲೂರು ಬಸ್ಸಿದೆ. ಹೊರಡು, ಈಗಲೇ ಹೊರಡು.”

ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ಹೋಗಿದ್ದೆ. ಹಿಂದಿನಿಂದ ಕರೆದರು.

“ಇವತ್ತು ಬೇಡ ಕಣೋ. ನಾಳೆ ಹೋಗು. ಇವತ್ತು ನನ್ನ ಹತ್ತಿರ ಕೂತಿರು.”

ಕೂತೆ. ಬಿಕ್ಕೋಡಿನವನಿಗೆ ಇನ್ನೂ ಒಂದು ದಿನ ಅನ್ಯಾಯವಾಯಿತು.